ಎಂದೂ ಹೋಗದ ಫ್ಯೂಜು

ಬೆಟಗೇರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರಿಗೆ ಒಂದು ಅಭಿಮಾನವಿತ್ತು. "ನಮ್ಮ ಮನ್ಯಾಗ ಫ್ಯೂಜ ಹೋದದ್ದು ಯಾರರೆ ನೋಡ್ಯಾರೇನು?" ಎಂದು ಕೇಳುವಾಗ ಅವರ ಬಲಗೈ ತಾನಾಗಿ ಹೊಟ್ಟೆಯ ಮೇಲೆ ಬರುತ್ತಿತ್ತು, ಎಡ ಹುಬ್ಬು ಟೋಪಿಯ ಅಂಚು ಮುಟ್ಟುತ್ತಿತ್ತು, ಕೊನೆಯ 'ಏನು' ಮೂಗಿನಿಂದ ಹೊರಡುತ್ತಿತ್ತು. ಇಷ್ಟು ಚೆನ್ನಾಗಿ ಹೇಗೆ ನೆನಪಿದೆಯೆಂದರೆ ನಾನು ಅವರ ಅಣಕು ದಿನವೂ ಮಾಡಿ ತೋರಿಸುತ್ತಿದ್ದೆ. ಓಣಿಯವರೆಲ್ಲ ನನ್ನ ಬಾಯಿಗೆ ಸಿಕ್ಕವರೇ. ಯಾರೂ ಸಿಗದ ದಿನ ನನ್ನನ್ನೇ ಮಾಡುತ್ತಿದ್ದೆ: ಕಡ್ಡಿಯಂಥ ಕಾಲಿಗೆ ಆ ಕಾಲದ ಅಗಲ ಪ್ಯಾಂಟು ಏರಿಸಿಕೊಂಡು, ಕಾಲೇಜಿಗೆ ಹೋದಷ್ಟೇ ವೇಗದಲ್ಲಿ ಅಲ್ಲಿಂದ ವಾಪಸು ಬಂದ ಶೂರ.

ಫ್ಯೂಜಿನ ಗುಟ್ಟು ದೊಡ್ಡದೇನಲ್ಲ. ಮಾಲೀಕರು ಮಹಡಿಯಲ್ಲಿ, ನಾವು ಕೆಳಗೆ; ಎರಡು ಮನೆಗೂ ಒಂದೇ ಮೀಟರು. ಅವರು ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಸಾಕು, ಫ್ಯೂಜು ಹೋಗಿ ಮೇಲೂ ಕತ್ತಲೆ, ಕೆಳಗೂ ಕತ್ತಲೆ. ಪ್ರತಿ ಸಲ ವಾಯರ್‌ಮನ್‌ನನ್ನು ಕರೆಸಿ ಬೇಸತ್ತ ಅವರು ಒಂದು ದಿನ ತಾವೇ ಕುರ್ಚಿ ಹತ್ತಿದರು. ಕೂದಲಿನಷ್ಟು ತೆಳ್ಳಗಿನ ತಂತಿ ಇರಬೇಕಾದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿ ಬಿಗಿದರು. ಮನೆ ಸುಡಬಾರದೆಂದು ತಾನು ಸುಟ್ಟುಕೊಳ್ಳುವುದು ಆ ಸಣ್ಣ ತಂತಿಯ ಕೆಲಸ. ಅದನ್ನು ಕೆಲಸದಿಂದ ತೆಗೆದ ಮೇಲೆ ಬಿಸಿಯಾಗುವ ಜವಾಬ್ದಾರಿ ನಮ್ಮ ಸೂರಿನ ಜಂತೆಗಳ ಗುಂಟ ಮಹಡಿಗೆ ಹೋಗುತ್ತಿದ್ದ ಹಳೆಯ ವಾಯರಿಗೆ ಬಂತು. ಅದರ ಮೇಲಿನ ಅರಿವೆಯನ್ನು ಇಲಿಗಳು ಆಗಲೇ ಬಿಚ್ಚಿದ್ದವು.

ಆ ವಾಯರಿನ ನೇರ ಕೆಳಗೆ ಅಪ್ಪನ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಮಗ್ಗ. ಮಗ್ಗದ ಮೇಲೆ ಎಳೆ ಎಳೆಯಾಗಿ ಬಿಗಿದ ಸೀರೆಯ ಹಾಸು, ಪಕ್ಕದಲ್ಲಿ ನೂಲಿನ ಲಡಿಗಳು. ಮಗ್ಗ ನಮ್ಮದು, ನೂಲು ವ್ಯಾಪಾರಿಯದು. ಒಂದು ಕಿಡಿ ಬಿದ್ದರೆ ನಮ್ಮದೂ ಹೋಗುತ್ತಿತ್ತು, ವ್ಯಾಪಾರಿಯದೂ ಹೋಗುತ್ತಿತ್ತು.

ಹೊಗೆ ಪತ್ತೆ ಹಚ್ಚಲು ಮನೆಯಲ್ಲಿದ್ದ ಯಂತ್ರ ಒಂದೇ, ಅವ್ವನ ಮೂಗು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಅವಳು ಹೇಳುವಳು, "ಏನೋ ಸುಟ್ಟ ವಾಸನಿ."

"ನಿನ್ನ ರೊಟ್ಟಿನ ಇರಬೇಕು ಬೇ."

"ರೊಟ್ಟಿ ಸುಟ್ಟದ್ದು ನನಗ ತಿಳಿಯಂಗಿಲ್ಲೇನೋ ಖೋಡಿ? ಇದು ರಬ್ಬರ ಸುಟ್ಟದ್ದು."

ನೋಡಿದರೆ ಜಂತೆಯ ಒಂದು ಕಡೆ ಅಂಗೈಯಗಲ ಕಪ್ಪಾಗಿತ್ತು.

ನಾನು ಕರೆತಂದ ವಾಯರ್‌ಮನ್ ಡೋಣಿ ಊರಿನ ಕಡೆಯವನು, ನನ್ನದೇ ವಯಸ್ಸು. ಫ್ಯೂಜು ಕಿತ್ತು ಆ ತಂತಿಯನ್ನು ಬೆಳಕಿಗೆ ಹಿಡಿದ. "ಇದು ಫ್ಯೂಜ ಅಲ್ಲಲೇ, ಎಮ್ಮಿ ಕಟ್ಟೂ ಹಗ್ಗ. ಮನಿ ವಾಯರ್ ಪೂರಾ ಹೊಸಾದು ಹಾಕಬೇಕು. ಅವರಿಗೆ ಬ್ಯಾರೆ ಫ್ಯೂಜ, ನಿಮಗ ಬ್ಯಾರೆ."

"ಅಲ್ಲೀತನಕ ಸಣ್ಣ ತಂತಿನರೆ ಹಾಕು."

"ಹಾಕ್ತೇನಿ. ಸಂಜಿಕೆ ಅವರು ಇಸ್ತ್ರಿ ಹಚ್ಚತಾರ, ಫ್ಯೂಜ ಹೋಗತೈತಿ. ಯಾರು ಹಾಕಿದ್ರು ಅಂತ ಕೇಳತಾರ. ಅವರ ಅಂಗಡಿ ಕೆಲಸಾನೂ ನಂದ ಐತಿ, ನೀ ಕೊಡಸ್ತೀಯೇನು ಬ್ಯಾರೆ ಕೆಲಸ?"

ಕೆಲಸ ಕೊಡಿಸುವ ಸ್ಥಿತಿಯಲ್ಲಿ ನಾನಿದ್ದಿದ್ದರೆ ಮೊದಲು ನನಗೇ ಒಂದು ಕೊಡಿಸಿಕೊಳ್ಳುತ್ತಿದ್ದೆ. ಅವನು ಹಗ್ಗವನ್ನು ಇದ್ದ ಜಾಗದಲ್ಲೇ ಇಟ್ಟು, ಸಡಿಲಾಗಿದ್ದ ತಿರುಪನ್ನು ಇನ್ನಷ್ಟು ಬಿಗಿಮಾಡಿ ಹೋದ.

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಮಹಡಿ ಹತ್ತಿದ. ಹಿಂದೆ ನಾನು.

"ಸಾವಕಾರ್ರ, ಜಂತಿ ಕರ್ರಗಾಗೇತ್ರಿ."

"ಒಲಿ ಹೊಗಿಗೆ ಎಲ್ಲಾರ ಮನಿ ಜಂತಿನೂ ಕರ್ರಗ ಆಗತಾವ."

"ಒಲಿ ಹಿಂದ ಐತ್ರಿ. ಕರ್ರಗಾಗಿದ್ದು ಮಗ್ಗದ ಮ್ಯಾಲ. ಹೊಸಾ ವಾಯರ್ ಹಾಕಬೇಕಂತ್ರಿ."

"ಹಾಕಿಸ್ಕೋ. ನಾ ಏನ್ ಬ್ಯಾಡಂದೆನೇನು?"

"ಖರ್ಚ್ರಿ?"

"ದೀಪದ ಕೆಳಗ ಕುಂಡ್ರಾಂವ ನೀನು. ಬೆಳಕು ನಿಂದು, ಖರ್ಚೂ ನಿಂದು." ಬಲಗೈ ಹೊಟ್ಟೆಯ ಮೇಲೆ ಬಂತು. "ಮತ್ತ ಇನ್ನೊಂದು. ಹೊಸಾ ವಾಯರ್ ಬಂದ್ರ ಮನಿ ಹೊಸಾದಾದಂಗ. ಬಾಡಿಗಿ ಹಳೇದ ಹೆಂಗ ಇರತೈತಿ?"

ತಪ್ಪು ಕೇಳಿಸಿತೇನೋ ಎಂದು ಅಪ್ಪ ಮತ್ತೊಮ್ಮೆ ಕೇಳಿದ. ಸರಿಯಾಗಿಯೇ ಕೇಳಿಸಿತ್ತು. ವಾಯರಿಗೆ ನಾವು ಕೊಡಬೇಕು, ಕೊಟ್ಟದ್ದಕ್ಕೆ ಬಾಡಿಗೆ ಹೆಚ್ಚು ಕೊಡಬೇಕು.

"ಮನಸಿಗೆ ಬರಲಿಲ್ಲಂದ್ರ ಬ್ಯಾರೆ ಮನಿ ನೋಡ್ಕೋ. ನಾ ಏನ್ ಕಟ್ಟಿ ಹಾಕೇನೇನು?"

ಅವರು ಕಟ್ಟಿ ಹಾಕಿರಲಿಲ್ಲ, ಕುಣಿ ಕಟ್ಟಿ ಹಾಕಿತ್ತು. ಮಗ್ಗ ಕಿತ್ತರೆ ಹೊಸ ಮನೆಯಲ್ಲಿ ಮತ್ತೆ ನೆಲ ಅಗೆಯಬೇಕು. ಅದು ಮುಗಿದು ಮಗ್ಗ ಹೂಡುವತನಕ ದುಡಿಮೆಯಿಲ್ಲ. ಆದರೂ ಅಪ್ಪ ಗದಗಿನಲ್ಲಿ ಮನೆ ನೋಡಿ ಬಂದ. ಲಕ್ಷ್ಮೇಶ್ವರದಲ್ಲಿ ನಮ್ಮ ಮಾವನ ಪರಿಚಯದವರ ಮನೆಯೊಂದು ಖಾಲಿಯಿತ್ತು, ಅಲ್ಲಿಗೂ ಹೋದೆವು. ಮನೆಯಾಕೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಎಲ್ಲ ತೋರಿಸಿದಳು. ಅಪ್ಪ ನಡುಮನೆಯಲ್ಲಿ ನಿಂತು ಕೈಯಿಂದ ಕುಣಿಯ ಅಳತೆ ತೋರಿಸಿದ ಮೇಲೆ, "ನಮ್ಮ ಮನ್ಯಾಗ ಬಾಂವಿ ತಗೀತೀರೇನ್ರಿ ಯಪ್ಪಾ?" ಎಂದು ಖಾಲಿ ಲೋಟ ಒಳಗೆ ಒಯ್ದಳು. ಬಸ್ಸಿನಲ್ಲಿ ನಾನು ಆಕೆಯನ್ನು ಮಾಡಿ ತೋರಿಸಿದೆ. ಮುಂದಿನ ಸೀಟಿನವರು ನಕ್ಕರು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ.

ಅದೇ ತಿಂಗಳು ಮಾಲೀಕರ ಮನೆಗೆ ಶಿರಹಟ್ಟಿ, ಮುಂಡರಗಿ ಕಡೆಯಿಂದ ಬೀಗರು ಬಂದರು. ಊಟವಾದ ಮೇಲೆ ನನಗೆ ಕರೆ ಬಂತು. "ಏ ತಮ್ಮಾ, ನನ್ನ ಭಾಳ ಛಲೋ ಮಾಡ್ತೀಯಂತ. ಬೀಗರ ಮುಂದ ಒಂದೀಟು ಮಾಡು."

ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಅಂದುಕೊಂಡೆ. ನಾಲ್ಕು ಮಂದಿ ದೊಡ್ಡವರ ಎದುರು ಮಾಲೀಕರ ಮಾತನ್ನು ಅವರಿಗೇ ಕೇಳಿಸಿದರೆ ನಾಚಿಕೆಯಾದರೂ ಆದೀತು. ಕುರ್ಚಿ ಹತ್ತಿದೆ, ಹಗ್ಗದಂಥ ತಂತಿ ಬಿಗಿದೆ, ಇಳಿದು ಕೈಯಲ್ಲಿ ಟವೆಲ್ ಹಿಡಿದು ಅಪ್ಪನಾದೆ, ತಿರುಗಿ ನಿಂತು ಹೊಟ್ಟೆ ಮುಟ್ಟಿಕೊಂಡು ಮಾಲೀಕನಾದೆ. ಜಂತೆ ಕಪ್ಪಾದದ್ದನ್ನೂ ಬಿಡಲಿಲ್ಲ. ಬೀಗರು ಎಲೆಅಡಿಕೆ ನುಂಗಲಾರದೆ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾಲೀಕರು. ಬಾಡಿಗೆಯ ಮಾತಿಗಾದರೂ ನಗು ನಿಲ್ಲುತ್ತದೆ ಎಂದು ಕಾದೆ. ಮುಂಡರಗಿಯ ಬೀಗರು ಕಣ್ಣೊರೆಸಿಕೊಂಡು, "ತಡೀ, ಹೊಸಾ ವಾಯರಿಂದು ಏನಂದ್ರು? ಇನ್ನೊಮ್ಮೆ ಹೇಳು. ನಮ್ಮವೂ ಬಾಡಿಗಿ ಮನಿ ಅದಾವ," ಎಂದರು. ಇನ್ನೊಮ್ಮೆ ಹೇಳಿದೆ. ಅವರು ತಲೆಯಾಡಿಸುತ್ತ ಕಲಿತುಕೊಂಡರು.

ಕೈಯಲ್ಲಿ ಬೇಸನ್ ಉಂಡಿ ಹಿಡಿದು ಕೆಳಗೆ ಬಂದೆ. ಅಪ್ಪ ಮಗ್ಗದಲ್ಲಿ ಕೂತಿದ್ದ. ಮೇಲಿನದೆಲ್ಲ ಅವನಿಗೆ ಕೇಳಿಸಿತ್ತು.

"ನನ್ನ ದನಿ ಭಾಳ ಸಣ್ಣದು ಮಾಡಿದಿ," ಎಂದ.

"ಇದ್ದಂಗ ಮಾಡೇನಪಾ."

ಅವನು ಲಾಳಿ ಎಸೆದ.

ಆಮೇಲೆ ಮನೆಯಲ್ಲೊಂದು ಸುಧಾರಣೆಯಾಯಿತು. ಮಾಲೀಕರಿಗೆ ಇದರ ಖರ್ಚಿಲ್ಲ. ಮೇಲೆ ಇಸ್ತ್ರಿ ಹಚ್ಚಿದ ವಾಸನೆ ಬಂದೊಡನೆ ಅವ್ವ ನನ್ನನ್ನು ಕರೆದು ಜಂತೆಯ ಕೆಳಗೆ ಕೂರಿಸುತ್ತಿದ್ದಳು, ಪಕ್ಕದಲ್ಲಿ ಬುಟ್ಟಿ ತುಂಬ ಉಸುಕು. ಕತ್ತು ಮೇಲೆತ್ತಿ ವಾಯರು ನೋಡುವುದು, ಹೊಗೆ ಕಂಡರೆ ಕೂಗುವುದು. ಮೂಗಿನ ಜೊತೆಗೆ ಗಂಟಲೂ ಸೇರಿತು.

ಒಂದು ಸಂಜೆ ಕಪ್ಪಾದ ಜಾಗದಿಂದ ಸಣ್ಣಗೆ ಹೊಗೆ ಎದ್ದಿತು. ನಾನು ಕೂಗಿದೆ, "ಸಾವಕಾರ್ರ, ಇಸ್ತ್ರಿ ತಗೀರಿ. ಹೊಗಿ ಬರಾಕತ್ತೇತಿ."

ಮೇಲಿನಿಂದ ನಗು ಬಂತು. "ಯಾರನ್ನ ಮಾಡಾಕತ್ತೀಯೋ ಇದು? ಗುರುತ ಹತ್ತವಲ್ದು."

"ಯಾರನ್ನೂ ಅಲ್ರಿ. ನಾನ ರೀ."

"ಛಲೋ ಬಂದೈತಿ. ಇನ್ನೊಮ್ಮೆ ಮಾಡು."

ಅವ್ವ ಮೆಟ್ಟಿಲ ಕಡೆ ಓಡಿದಳು. ಅಪ್ಪ ಕುಣಿಯಿಂದ ಏಳಲಿಲ್ಲ. ಲಾಳಿಯನ್ನು ಬದಿಗಿಟ್ಟು, ಮುಂದೆ ಬಾಗಿ, ಎರಡೂ ಕೈಗಳನ್ನು ಹಾಸಿನ ಮೇಲೆ ಅಗಲವಾಗಿ ಚಾಚಿದ, ಬೀಳುವುದೇನಿದ್ದರೂ ಕೈಯ ಮೇಲೆ ಬೀಳಲಿ ಎಂಬಂತೆ.