ಕಾತ್ಯಾಯಿನಿ ಮೇಡಂ ಅವರ ಮೂರನೆಯ ಪ್ರಶ್ನೆ

ನಮ್ಮ ಕಥಾಕೂಟದಲ್ಲಿ ಕಾತ್ಯಾಯಿನಿ ಮೇಡಂಗೆ ಹೆದರದವರು ಯಾರೂ ಇರಲಿಲ್ಲ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಮ್ಮೂರು ಸೆಂಟರ್‌ವಿಲ್‌ನ ಲೈಬ್ರರಿಯ ರೂಮಿನಲ್ಲಿ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ನಮ್ಮಲ್ಲೇ ಯಾರೋ ಬರೆದ ಸಣ್ಣ ಕಥೆಯನ್ನು ಮೇಡಂ ಗಟ್ಟಿಯಾಗಿ ಓದುತ್ತಿದ್ದರು. ಆಮೇಲೆ ಮೂರು ಪ್ರಶ್ನೆ. ಯಾರಿಗೆ ಏನು ಬೇಕು? ಅದಕ್ಕೆ ಅಡ್ಡ ನಿಂತಿರುವುದು ಏನು? ಮತ್ತೆ ಮತ್ತೆ ಕಣ್ಣಿಗೆ ಬೀಳುವ ವಸ್ತು ಯಾವುದು, ಅದು ಯಾಕಿದೆ? ಪಾತ್ರ, ಸಂಘರ್ಷ, ಸಂಕೇತ ಎಂಬ ದೊಡ್ಡ ಮಾತುಗಳೆಲ್ಲ ಅವರ ಪಾಲಿಗೆ ಇಷ್ಟೇ. ಯಾರಾದರೂ ಉದ್ದುದ್ದ ಭಾಷಣ ಬಿಗಿದರೆ, "ಸಾಲು ತೋರಿಸಿ. ಕಥೇಲಿ ಎಲ್ಲಿದೆ ಅದು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಚಿತ್ರದುರ್ಗದ ಕಾಲೇಜಿನಲ್ಲಿ ಆರು ವರ್ಷ ಕನ್ನಡ ಪಾಠ ಮಾಡಿ, ಮದುವೆಯಾಗಿ ಈ ಪರದೇಶಕ್ಕೆ ಬಂದವರು. ಇಲ್ಲಿ ಅವರಿಗೆ ಸಿಕ್ಕ ವಿದ್ಯಾರ್ಥಿಗಳು ನಾವೇ, ಪಾಪ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಕಲಿತ ಮೇಲೆ ಸ್ಟೀರಿಂಗನ್ನು ಗಂಡನ ಕೈಗೆ ಕೊಟ್ಟಿದ್ದೇ ಇಲ್ಲ. ಹತ್ತಿರದ ಹರ್ನ್‌ಡನ್‌ನಿಂದ ಅವರು ಡ್ರೈವ್ ಮಾಡಿಕೊಂಡು ಬರುತ್ತಿದ್ದರೆ, ಗಂಡ ವೇಣುಗೋಪಾಲ ಅಂಕಲ್ ನಮಗೆಲ್ಲ ಕಾಫಿ ತುಂಬಿದ ಫ್ಲಾಸ್ಕ್ ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದರು. ಅಂಕಲ್ ಇಂಜಿನಿಯರ್. ಕೂಟದ ಎಂಟು ವರ್ಷದಲ್ಲಿ ಒಂದು ಸಾಲೂ ಬರೆದವರಲ್ಲ.

ಕೂಟಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕಥೆ ನನಗೆ ಇಮೇಲ್‌ನಲ್ಲಿ ಬರಬೇಕು, ನಾನು ಹೆಸರು ತೆಗೆದು ಪ್ರಿಂಟ್ ಮಾಡಬೇಕು. ಚರ್ಚೆ ಮುಗಿಯುವವರೆಗೆ ಬರೆದವರು ತುಟಿ ಬಿಚ್ಚುವಂತಿಲ್ಲ.

೨೦೧೬ರ ಬೇಸಿಗೆಯಲ್ಲಿ ಮೇಡಂ ನನಗೆ ಫೋನ್ ಮಾಡಿದರು. "ಉಷಾ, ಇಂಡಿಯನ್ ಸ್ಟೋರ್ ಪಾರ್ಕಿಂಗ್‌ನಲ್ಲಿದೀನಿ. ಮನೆಗೆ ಯಾವ ಕಡೆ ಟರ್ನ್ ಮಾಡ್ಬೇಕು?" ಹತ್ತು ವರ್ಷದಿಂದ ಓಡಾಡುತ್ತಿದ್ದ ದಾರಿ ಅದು. ನಾನು ಹೇಳಿದೆ. ಅವರು ನಕ್ಕರು, ನಾನೂ ನಕ್ಕೆ. "ಇವರಿಗೆ ಹೇಳ್ಬೇಡ" ಎಂದು ಫೋನ್ ಇಟ್ಟರು. ನಾನು ಹೇಡಿ, ಯಾರಿಗೂ ಹೇಳಲಿಲ್ಲ.

ಅಕ್ಟೋಬರ್‌ನಲ್ಲಿ ಅಂಕಲ್ ಅವರಿಂದ ಒಂದು ಕಥೆ ಬಂತು. ಒಬ್ಬ ಗಂಡ ದಿನಾ ಬೆಳಿಗ್ಗೆ ಗ್ಯಾಸ್ ಸ್ಟೌವ್‌ನ ಐದು ನಾಬ್‌ಗಳನ್ನೂ ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋಗುತ್ತಾನೆ. ಸ್ಟೌವ್ ಕೆಟ್ಟಿದೆ, ರಿಪೇರಿಯವರು ಬರುತ್ತಾರೆ ಎಂದು ಹೆಂಡತಿಗೆ ಸುಳ್ಳು ಹೇಳುತ್ತಾನೆ. ಅವಳು ತಣ್ಣಗಿನ ಅವಲಕ್ಕಿ ತಿಂದು ಕಾಯುತ್ತಾಳೆ. ಅಷ್ಟೇ ಕಥೆ. ಓದಿದ ಕೂಡಲೇ ಅಂಕಲ್‌ಗೆ ಫೋನ್ ಮಾಡಿ, ಇದನ್ನು ಕೂಟಕ್ಕೆ ಕೊಡಬೇಡಿ ಎಂದು ಬೇಡಿಕೊಂಡೆ.

"ಡಾಕ್ಟರ್ ಹತ್ರ ಹೋಗೋಣ ಅಂದ್ರೆ ನನಗೇನಾಗಿದೆ ಅಂತ ಕೂಗಾಡ್ತಾಳಮ್ಮ. ನನ್ನ ಮಾತು ಕೇಳಲ್ಲ. ಕಥೆ ಅಂದ್ರೆ ಕೇಳ್ತಾಳೆ" ಎಂದರು.

ಶನಿವಾರ ಪ್ರಿಂಟ್ ಹಂಚಿದೆ. ಎಲ್ಲರೆದುರು ಮೇಡಂ ಕುಸಿದರೆ? ಎದ್ದು ಹೋಗಿ, ಇನ್ನು ಯಾರ ಮಾತನ್ನೂ ಕೇಳದೇ ಹೋದರೆ? ಅವರು ಓದತೊಡಗಿದರು. ಎರಡನೇ ಪುಟದಲ್ಲಿ ಒಂದು ಕಡೆ ನಿಲ್ಲಿಸಿದರು. ನೀರು ಕುಡಿದು ಮುಂದುವರಿಸಿದರು.

ಮೊದಲು ಕೃಷ್ಣಪ್ರಸಾದ ಶುರುಮಾಡಿದ. ಅವನಿಗೆ ಮೈಕ್ ಬೇಕಾಗಿಲ್ಲ. "ಗಂಡ ಪಕ್ಕಾ ವಿಲನ್ ಮೇಡಂ. ನಾಬ್ ಅಂದ್ರೆ ಅಧಿಕಾರ. ಹೆಣ್ಣಿನ ಕೈಯಿಂದ ಬೆಂಕಿನೇ ಕಿತ್ಕೊಂಡಿದಾನೆ."

"ಟಾರ್ಚರ್ ಇದು. ಇಂಥವನನ್ನ ಪೊಲೀಸ್‌ಗೆ ಕೊಡ್ಬೇಕು" ಎಂದಳು ಶ್ರೀಲತಾ.

ಒಬ್ಬರಾದ ಮೇಲೊಬ್ಬರು ಆ ಗಂಡನಿಗೆ ಛೀಮಾರಿ ಹಾಕಿದರು. ಅಂಕಲ್ ಗೋಡೆಯ ಕಡೆ ತಿರುಗಿ ಕಪ್‌ಗಳಿಗೆ ಕಾಫಿ ಬಗ್ಗಿಸುತ್ತಿದ್ದರು. ಕಾಫಿ ಮೇಜಿನ ಮೇಲೆ ಚೆಲ್ಲಿತು. ನಿಯಮ, ಮಾತಾಡುವಂತಿಲ್ಲ. ಆ ನಿಯಮವನ್ನು ಮಾಡಿದವರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೇಡಂ ಕನ್ನಡಕ ತೆಗೆದಿಟ್ಟರು. "ಯಾರೂ ಸರಿಯಾಗಿ ಓದಿಲ್ಲ. ಎರಡನೇ ಪುಟ, ಕೆಳಗಿಂದ ನಾಲ್ಕನೇ ಸಾಲು. 'ಅವತ್ತು ಬಾಗಿಲು ತೆಗೆದಾಗ ಮನೆಯೆಲ್ಲ ಗ್ಯಾಸ್ ವಾಸನೆ, ಅವಳು ಸೋಫಾದ ಮೇಲೆ ನಿದ್ದೆ ಹೋಗಿದ್ದಳು.' ಇದನ್ನ ಎಲ್ಲರೂ ಹಾರಿಸಿಬಿಟ್ರಿ. ಇವನಿಗೆ ಅಧಿಕಾರ ಬೇಕಾಗಿಲ್ಲ. ಹೆಂಡತಿ ಬೇಕು. ಇವನು ವಿಲನ್ ಅಲ್ಲ ಕಣ್ರೀ, ಹೆದರಿ ಸಾಯ್ತಿದಾನೆ. ಅವಳಿಗೆ ಹೇಳಕ್ಕೂ ಹೆದರ್ತಾನೆ. ಅದೇ ಅಡ್ಡ ನಿಂತಿರೋದು."

ಎಲ್ಲರೂ ಎರಡನೇ ಪುಟ ತಿರುವಿ ಆ ಸಾಲು ಹುಡುಕಿದರು.

"ಇನ್ನು ಮೂರನೇ ಪ್ರಶ್ನೆ" ಎಂದರು ಮೇಡಂ. "ಮೂರನೇ ಪ್ರಶ್ನೆ..." ಮುಂದಿನದು ನೆನಪಿಗೆ ಬರಲಿಲ್ಲ. ಎಂಟು ವರ್ಷ ಪ್ರತಿ ತಿಂಗಳೂ ನಮ್ಮನ್ನು ಕೇಳಿದ ಪ್ರಶ್ನೆ ಅದು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಮಗೆಲ್ಲ ಗೊತ್ತಿತ್ತು, ಹೇಳಿಕೊಡಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಅವರ ಕಣ್ಣಲ್ಲಿ ಅಂಥ ಭಯವನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಮತ್ತೆ ಮತ್ತೆ ಕಣ್ಣಿಗೆ ಬೀಳೋ ವಸ್ತು ಯಾವುದು" ಎಂದರು ಅಂಕಲ್, ಹಿಂದಿನಿಂದ. ಮೇಡಂ ಮರೆತದ್ದನ್ನು ಅಂಕಲ್ ನೆನಪಿಸಿದ್ದು ಕಂಡು ಕಥೆ ಯಾರದೆಂದು ಎಲ್ಲರಿಗೂ ತಿಳಿದುಹೋಯಿತು. ಕೃಷ್ಣಪ್ರಸಾದ ತಲೆ ತಗ್ಗಿಸಿದ.

ಮೇಡಂ ಕೈ ಚಾಚಿದರು. "ಜೇಬಲ್ಲಿದೆಯಾ?"

ಅಂಕಲ್ ಐದು ಕಪ್ಪು ನಾಬ್‌ಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಅವನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ನನಗೆ ಭಯ ಆಗ್ತಿದೆ ರೀ."

"ನನಗೂ" ಎಂದರು ಅಂಕಲ್.

ಮೇಡಂ ಬ್ಯಾಗಿನಿಂದ ಕಾರಿನ ಕೀ ತೆಗೆದು ನಾಬ್‌ಗಳ ಪಕ್ಕ ಇಟ್ಟರು. ಎಲ್ಲವನ್ನೂ ಗಂಡನ ಕಡೆ ಸರಿಸಿದರು. "ಸೋಮವಾರ ಡಾಕ್ಟರ್ ಹತ್ರ ಹೋಗೋಣ. ನೀವೇ ಡ್ರೈವ್ ಮಾಡಿ." ಆಮೇಲೆ ನನ್ನ ಕಡೆ ತಿರುಗಿ, ಹಳೆಯ ಗತ್ತಿನಲ್ಲೇ ಹೇಳಿದರು: "ಉಷಾ, ಮುಂದಿನ ತಿಂಗಳಿಂದ ಮೂರೂ ಪ್ರಶ್ನೆ ಬೋರ್ಡ್ ಮೇಲೆ ಬರೆದಿಡು. ದೊಡ್ಡದಾಗಿ ಬರಿ."