ನಿಧಾನದಕ್ಕ ಹಾಕಿಕೊಡುವ ಭಾರತದ ದಾರಿ

ಬೆಳಕು ಇನ್ನೂ ಹರಿದಿಲ್ಲ. ಸೇತುವೆಯ ದೀಪಗಳು ಆರಿಲ್ಲ. ಕೆಳಗೆ ನದಿ ಇದೆಯೋ ಇಲ್ಲವೋ ತಿಳಿಯದಷ್ಟು ಮಂಜು. ಆ ಮಂಜಿನೊಳಗಿಂದ ಮೂವರು ನಡೆದು ಬರುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಕೈ ಬೀಸಿಕೊಂಡು ಒಬ್ಬ ಗಂಡಸು, ಅವರ ಹಿಂದೆ ಶಾಲು ಹೊದ್ದ ಅವರ ಹೆಂಡತಿ, ಇನ್ನೂ ಹಿಂದೆ ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡ, ಐವತ್ತು ದಾಟಿದ ಇನ್ನೊಬ್ಬ ಹೆಂಗಸು. ಬರೆಯಲೆಂದು ನಾನು ನೋಡಲು ಬಂದಿರುವುದು ಈ ಮೂರನೆಯವರನ್ನು. ತರಕಾರಿ ತರಲು ಹೊರಟ ಹಾಗೆ ಕಾಣುತ್ತಾರೆ, ಆದರೆ ಅವರು ಈಗ ಕೆಲಸದ ಮೇಲಿದ್ದಾರೆ.

ಮೊದಲ ಸಲ ಭಾರತಕ್ಕೆ ಹೋಗುವವರಿಗೆ ಪ್ರವಾಸ ಹಾಕಿಕೊಡುವುದು ಅವರ ಕೆಲಸ. ಎಲ್ಲಿ ಇಳಿಯಬೇಕು, ಎಲ್ಲಿ ಎಷ್ಟು ದಿನ ತಂಗಬೇಕು, ಯಾವಾಗ ರೈಲು ಹತ್ತಬೇಕು, ಯಾವಾಗ ಸುಮ್ಮನೆ ಕೂರಬೇಕು ಎಂಬುದನ್ನೆಲ್ಲ ಅವರೇ ಗೊತ್ತು ಮಾಡುತ್ತಾರೆ. ಅದಕ್ಕೆ ಮೊದಲು, ಬಂದವರನ್ನು ಒಂದು ಬೆಳಿಗ್ಗೆ ಸೇತುವೆಯಿಂದ ತರಕಾರಿ ಮಾರುಕಟ್ಟೆಯವರೆಗೆ ನಡೆಸುತ್ತಾರೆ. ತಾವು ಹಿಂದೆ ಉಳಿದು ನೋಡುತ್ತಾರೆ. ಯಾರು ಎಲ್ಲಿ ನಿಂತರು, ಯಾರಿಗೆ ಮೊದಲು ಹಸಿವಾಯಿತು, ಗದ್ದಲದಲ್ಲಿ ಯಾರು ಯಾರ ಕೈ ಹುಡುಕಿದರು ಎಂದು.

"ಕೇಳಿದ್ರೆ ಎಲ್ರೂ 'ನಮಗೇನು ಸುಸ್ತಾಗಲ್ಲ, ಎಲ್ಲ ಹಾಕಿ' ಅಂತಾರೆ. ನಡೆಸಿದ್ರೆ ಗೊತ್ತಾಗುತ್ತೆ," ಎನ್ನುತ್ತಾರೆ ಅವರು ಮೆಲುದನಿಯಲ್ಲಿ, ಮುಂದಿನವರಿಗೆ ಕೇಳಿಸದ ಹಾಗೆ.

ಬೀದಿಯವರು ಇವರಿಗೆ ಇಟ್ಟಿರುವ ಹೆಸರು ನಿಧಾನದಕ್ಕ. ಮೊದಮೊದಲು ಗೇಲಿಗೆ ಅಂದಿದ್ದಂತೆ. ಈಗ ಅಂಚೆಯವನೂ ಹಾಗೇ ಕೇಳಿಕೊಂಡು ಬರುತ್ತಾನೆ. ನಾನಂತೂ ನಿಂತುಕೊಂಡೇ ಊಟ ಮುಗಿಸುವ ಜಾತಿಯವನು. ಈ ನಡಿಗೆಯಲ್ಲಿ ಎರಡು ಸಲ ಗಡಿಯಾರ ನೋಡಿಕೊಂಡು, ಎರಡು ಸಲವೂ ಅವರ ಕಣ್ಣಿಗೆ ಸಿಕ್ಕಿಬಿದ್ದೆ. "ನಿಮ್ಮನ್ನ ಭಾರತಕ್ಕೆ ಕಳಿಸೋದಾದ್ರೆ ಮೊದ್ಲು ಆ ವಾಚ್ ಬಿಚ್ಚಿಸಿ ಇಟ್ಕೋಬೇಕು," ಎಂದರು.

ಮುಂದೆ ಹೋಗುತ್ತಿರುವ ಗಂಡಸು ಲಿಫ್ಟ್ ರಿಪೇರಿ ಮಾಡುವವರು. ಮೇಲೆ ಕೆಳಗೆ ಓಡಾಡಿ ಅಭ್ಯಾಸ, ನಿಂತಲ್ಲಿ ನಿಲ್ಲುವುದು ಗೊತ್ತಿಲ್ಲ. ಅವರ ಹೆಂಡತಿ ಹಳೆಯ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾರೆ. ಒಂದು ಕುರ್ಚಿ ಹಿಡಿದರೆ ಮೂರು ದಿನ ಅದರ ಮುಂದೆಯೇ. ಹೋದ ವರ್ಷ ಆಕೆಗೆ ಎದೆಯ ಆಪರೇಷನ್ ಆಗಿದೆ. ಮಾರುಕಟ್ಟೆ ಹತ್ತಿರವಾದಂತೆ ಮಂಜಿನಲ್ಲಿ ಸೊಪ್ಪಿನ ವಾಸನೆ, ಹಸಿ ಮಣ್ಣಿನ ವಾಸನೆ ಬರುತ್ತದೆ. ಆಕೆ ನಿಲ್ಲುತ್ತಾರೆ. ಯಾರೋ ಕಿತ್ತಳೆ ಬುಟ್ಟಿಯ ಮೇಲಿನ ಗೋಣಿ ಸರಿಸುತ್ತಾರೆ, ಆ ಒಂದು ಬುಟ್ಟಿಯಿಂದಲೇ ಬೆಳಗಾಯಿತೇನೋ ಅನ್ನಿಸುತ್ತದೆ. ಆಕೆ ನೋಡುತ್ತಾ ನಿಂತೇ ಇರುತ್ತಾರೆ. ಗಂಡ ಓಡಿಬಂದು, "ಏನಾಯ್ತು? ಉಸಿರು ಕಟ್ತಾ?" ಎನ್ನುತ್ತಾರೆ.

"ಕಿತ್ತಳೆ ನೋಡ್ತಿದ್ದೆ ಕಣ್ರೀ," ಎನ್ನುತ್ತಾರೆ ಹೆಂಡತಿ.

ಹೀಗೆ ಐದಾರು ಸಲ ನಡೆಯುತ್ತದೆ. ಆಕೆ ಏನನ್ನೋ ನೋಡಲು ನಿಲ್ಲುವುದು, ಇವರು ಹೆದರಿ ಓಡಿಬರುವುದು. ನಿಧಾನದಕ್ಕ ನನ್ನ ಕಡೆ ತಿರುಗಿ, "ನೋಡಿದ್ರಾ? ಸುಸ್ತಾಗಿರೋದು ಅತ್ತಿಗೆಗಲ್ಲ, ಅಣ್ಣನಿಗೆ," ಎನ್ನುತ್ತಾರೆ.

ಅವರ ಆಫೀಸು ಛತ್ರಿ ರಿಪೇರಿ ಅಂಗಡಿಯ ಮೇಲೆ, ಕಡಿದಾದ ಮರದ ಮೆಟ್ಟಿಲು ಹತ್ತಿದ ಮೇಲೆ ಸಿಗುವ ಒಂದೇ ಕೋಣೆ. ಎರಡು ಮೇಜು, ಒಂದು ಉದ್ದನೆಯ ಬೆಂಚು, ಗೋಡೆಯ ತುಂಬ ಭಾರತದ ಭೂಪಟ. ಭೂಪಟದ ಮೇಲೆ ಕೈಯಿಟ್ಟು ಇಟ್ಟು ದಿಲ್ಲಿಯ ಸುತ್ತಮುತ್ತ ಬಣ್ಣ ಹೋಗಿದೆ. ಕಿಟಕಿಯ ಪಕ್ಕದ ಮೇಜು ಆಫೀಸಿನ ಯಜಮಾನರದು. ಇಪ್ಪತ್ತೆರಡು ವರ್ಷದ ಕೆಳಗೆ ಟಿಕೆಟ್ ಬರೆಯುವ ಕೆಲಸಕ್ಕೆಂದು ಈಕೆಯನ್ನು ಸೇರಿಸಿಕೊಂಡವರು ಅವರೇ. ಈಗ ಕೇಳಿದರೆ, "ಇವರ ಕೈಗೆ ಕೊಟ್ಟರೆ ಎಂಟು ಊರು ನಾಲ್ಕಾಗುತ್ತೆ ಸ್ವಾಮಿ. ಅಂಗಡಿ ನಡೀಬೇಕಲ್ವಾ?" ಎಂದು ನಗುತ್ತಾರೆ. ನಗು ಪೂರ್ತಿ ನಗುವಲ್ಲ. ಎದುರು ಸಾಲಿನಲ್ಲಿ ಹೊಸ ಆಫೀಸೊಂದು ತೆರೆದಿದೆ, ಅವರು ಹತ್ತು ದಿನಕ್ಕೆ ಹನ್ನೆರಡು ಊರು ತೋರಿಸುತ್ತೇವೆಂದು ಬೋರ್ಡು ಹಾಕಿದ್ದಾರೆ.

ನಿಧಾನದಕ್ಕ ತಾವೇ ಭಾರತಕ್ಕೆ ಹೋದದ್ದು ಒಂದೇ ಸಲ, ದೊಡ್ಡ ಗುಂಪೊಂದರ ಸಾಮಾನು ನೋಡಿಕೊಳ್ಳಲು. ಓಡಿ ಓಡಿ ಸಾಕಾಗಿತ್ತು. ಆಗ್ರಾದಿಂದ ಜೈಪುರಕ್ಕೆ ಹೋಗುವಾಗ ದಾರಿಯಲ್ಲಿ ಬಸ್ಸು ಕೆಟ್ಟಿತು. ಅಕ್ಕಪಕ್ಕ ಸಾಸಿವೆ ಹೊಲ, ಕಣ್ಣು ಹೋದಷ್ಟು ದೂರ ಹಳದಿ. ಯಾರದೋ ಮನೆಯವರು ಹಗ್ಗದ ಮಂಚ ತಂದು ಹಾಕಿದರು. ಒಬ್ಬ ಅಜ್ಜಿ ಇವರಿಗೆ ಎಮ್ಮೆ ಕರೆಯುವುದನ್ನು ಕಲಿಸಲು ಹೊರಟು, ಎಮ್ಮೆಗೆ ಸಿಟ್ಟು ಬಂದು, ಗುಂಪಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸಂಜೆಯವರೆಗೆ ಅಲ್ಲೇ.

"ವಾಪಸ್ ಬಂದ್ಮೇಲೆ ಒಬ್ಬೊಬ್ರನ್ನೇ ಕೇಳ್ದೆ, ಏನು ಚೆನ್ನಾಗಿತ್ತು ಅಂತ. ಎಲ್ರೂ ಎಮ್ಮೆ ವಿಷ್ಯಾನೇ ಹೇಳೋರು. ತಾಜ್ ಮಹಲ್ ನೆನಪಿದ್ಯಾ ಅಂದ್ರೆ, 'ಹೂಂ, ಅಲ್ಲೇ ನನ್ನ ಚಪ್ಪಲಿ ಕಳೆದೋಯ್ತು' ಅಂದ್ರು ಒಬ್ರು." ಹೇಳುವಾಗ ಅವರಿಗೆ ಈಗಲೂ ನಗು ತಡೆಯಲಾಗುವುದಿಲ್ಲ. ಅಂದಿನಿಂದ ಅವರು ಹಾಕುವ ಪ್ರತಿ ಪ್ರವಾಸದಲ್ಲೂ ಏನೂ ಇಲ್ಲದ ದಿನವೊಂದು ಇರುತ್ತದೆ. ಬಸ್ಸು ಕೆಡದೆಯೇ ಬಸ್ಸು ಕೆಟ್ಟ ದಿನ.

ಇದನ್ನು ಒಪ್ಪಿಸುವುದು ಸುಲಭವಲ್ಲ. ಅಷ್ಟು ದೂರ ಹೋಗಿ ಸುಮ್ಮನೆ ಕೂರಬೇಕೇ ಎಂದು ಬಂದವರು ಜಗಳ ತೆಗೆಯುತ್ತಾರೆ. ಆಗ ನಿಧಾನದಕ್ಕ ಅವರನ್ನು ಬೆಂಚಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, "ನಿಮ್ಮ ಮೂರನೇ ದಿನದ ಮಧ್ಯಾಹ್ನ ಹೇಳಿ," ಎನ್ನುತ್ತಾರೆ. ಬೆಳಗಿನ ಯೋಚನೆ ಎಲ್ಲರಲ್ಲೂ ಇರುತ್ತದೆ, ಮಧ್ಯಾಹ್ನದ ಯೋಚನೆ ಯಾರಲ್ಲೂ ಇರುವುದಿಲ್ಲವಂತೆ. ನಾನೂ ಕಣ್ಣು ಮುಚ್ಚಿದೆ. ಬಿಸಿಲಿಗೆ ಬೆಚ್ಚಗಾದ ಕಲ್ಲಿನ ಮೆಟ್ಟಿಲು, ದೂರದಲ್ಲಿ ಯಾವುದೋ ಗಂಟೆ, ಪಾರಿವಾಳದ ರೆಕ್ಕೆ, ಯಾರೋ ಅಪರಿಚಿತರು ಪಕ್ಕದಲ್ಲಿ ಬಂದು ಕೂತು ಎಲ್ಲಿಂದ ಬಂದಿರಿ ಎಂದು ಕೇಳಿದ ಹಾಗೆ. ಆಮೇಲೇನಾಯಿತೋ ಗೊತ್ತಿಲ್ಲ. ಎಚ್ಚರವಾದಾಗ ಯಜಮಾನರು ನನ್ನ ಗೊರಕೆಯ ಬಗ್ಗೆ ಯಾರಿಗೋ ಹೇಳುತ್ತಿದ್ದರು.

"ಕಣ್ಣಿಗಿಂತ ಮೊದ್ಲು ಕಿವಿಗೆ ಬರುತ್ತೆ ಆ ದೇಶ," ಎನ್ನುತ್ತಾರೆ ನಿಧಾನದಕ್ಕ. "ಹಾರ್ನು, ಹಾಡು, ಮಾತು ಎಲ್ಲ ಒಟ್ಟಿಗೆ. ಎರಡು ದಿನ ಕೂತ್ರೆ ಕಿವಿ ಒಗ್ಗುತ್ತೆ. ಒಗ್ಗೋಕ್ ಮುಂಚೆ ಓಡ್ಸಿದ್ರೆ ತಲೆನೋವು, ಹೊಟ್ಟೆನೋವು, ಗಂಡ ಹೆಂಡ್ತಿ ಜಗಳ." ಬೇಸಿಗೆ ಬೇಡ, ಚಳಿಗಾಲದಲ್ಲಿ ಉತ್ತರದ ಮಂಜಿಗೆ ರೈಲು ತಡವಾಗುತ್ತದೆ, ರೈಲಿಳಿದು ವಿಮಾನ ಹತ್ತುವ ಆಟ ಒಂದೇ ದಿನ ಬೇಡ, ಒಂದು ಊರಲ್ಲಿ ಮೂರು ರಾತ್ರಿಗೆ ಕಡಿಮೆ ಬೇಡ. ಅವರ ಬೇಡಗಳು ಹೀಗೆ ಮುಗಿಯುವುದೇ ಇಲ್ಲ.

ಮನೆಯಲ್ಲಿ ಇವರೂ ಅತ್ತೆಯೂ ಇಬ್ಬರೇ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಅತ್ತೆಯ ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. "ಊರಿಗೆಲ್ಲ ನಿಧಾನ ಹೇಳ್ಕೊಡ್ತಾಳೆ, ಒಲೆ ಮೇಲೆ ಹಾಲಿಟ್ಟು ಓಡ್ತಾಳೆ. ಉಕ್ಕಿದ್ ಹಾಲು ಒರೆಸೋಳು ನಾನು," ಎಂದು ನನ್ನ ಮುಂದೆಯೇ ದೂರಿದರು. ಜನ ಭಾರತದಲ್ಲಿರುವ ದಿನಗಳಲ್ಲಿ ಸೊಸೆ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಾಳೆ ಎಂದೂ ಹೇಳಿದರು. ಅದನ್ನು ಹೇಳುವಾಗ ದೂರು ಇರಲಿಲ್ಲ.

ನಡಿಗೆ ಮುಗಿಸಿ ಎಲ್ಲರೂ ಆಫೀಸಿಗೆ ಬರುತ್ತೇವೆ. ಲಿಫ್ಟ್‌ನವರು ಕೋಟಿನೊಳಗೆ ಸುರುಳಿ ಸುತ್ತಿಟ್ಟುಕೊಂಡಿದ್ದ ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಚ್ಚುತ್ತಾರೆ. ಹೆಂಡತಿ ಮಲಗಿದ್ದ ವಾರ್ಡಿನ ಗೋಡೆಯ ಮೇಲೆ ಇದ್ದದ್ದು, ಬಿಡುಗಡೆಯ ದಿನ ನರ್ಸನ್ನು ಕೇಳಿ ತಂದದ್ದು. ತಿಂಗಳಿಗೊಂದು ಭಾರತದ ಚಿತ್ರ. "ಇವಳು ಇದನ್ನೇ ನೋಡ್ತಾ ಮಲಗಿರ್ತಿದ್ಲು. ನೀನು ಎದ್ದು ಓಡಾಡೋ ಹಾಗಾದ್ರೆ ಇದಿಷ್ಟೂ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಹನ್ನೆರಡೂ ಹಾಕ್ಬೇಕು ಅಕ್ಕ. ನಿಮ್ಮ ಕೈಲಾಗಲ್ಲ ಅಂದ್ರೆ ಎದುರುಗಡೆಯೋರು ಹಾಕ್ತೀವಿ ಅಂದಿದ್ದಾರೆ."

ಯಜಮಾನರು ಕಿಟಕಿಯಾಚೆ ನೋಡುತ್ತಾರೆ. ಲಿಫ್ಟ್‌ನವರ ಹೆಂಡತಿ ಛತ್ರಿ ಅಂಗಡಿ ನೋಡಿಬರುತ್ತೇನೆಂದು ಕೆಳಗಿಳಿಯುತ್ತಾರೆ. ಅವರ ಹೆಜ್ಜೆಯ ಸದ್ದು ನಿಂತ ಮೇಲೆ ಲಿಫ್ಟ್‌ನವರ ದನಿ ಇಳಿಯುತ್ತದೆ.

"ಡಾಕ್ಟ್ರು, ಹೋಗೋದಾದ್ರೆ ಈಗ್ಲೇ ಹೋಗ್ಬನ್ನಿ, ಆಮೇಲಿಂದು ಹೇಳಕ್ಕಾಗಲ್ಲ ಅಂದ್ರು. ಇನ್ನೊಂದ್ ಸಲ ಅನ್ನೋದು ನಮಗಿಲ್ಲ ಅಕ್ಕ. ಅದಕ್ಕೇ ಅವಸರ."

ನಿಧಾನದಕ್ಕ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾರೆ. ಇಷ್ಟು ಹೊತ್ತು ಈ ಮನುಷ್ಯನ ಅವಸರಕ್ಕೆ ಒಳಗೊಳಗೇ ನಗುತ್ತಿದ್ದೆನಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ಹೆಂಡತಿ ಮೆಟ್ಟಿಲು ಹತ್ತಿ ಬಂದ ಮೇಲೆ ನಿಧಾನದಕ್ಕ ಕ್ಯಾಲೆಂಡರನ್ನು ಅವರ ಕಡೆ ತಿರುಗಿಸುತ್ತಾರೆ. "ಅತ್ತಿಗೆ, ಇದ್ರಲ್ಲಿ ನಿಮಗೆ ತುಂಬ ಇಷ್ಟ ಆಗಿದ್ದು ಯಾವ್ದು?"

ಆಕೆ ಗಂಡನ ಮುಖ ನೋಡುತ್ತಾರೆ. ಹೇಳಲೋ ಬೇಡವೋ ಎಂಬಂತೆ ಶಾಲಿನ ಅಂಚು ಹಿಡಿದುಕೊಳ್ಳುತ್ತಾರೆ.

"ನಾನು ಅಲ್ಲಿ ಮಲಗಿದ್ದಿದ್ದೇ ಎರಡು ತಿಂಗಳು. ನೋಡಿದ್ದೂ ಎರಡೇ ಚಿತ್ರ. ಒಂದು ಕೊಚ್ಚಿ ಹತ್ರದ ಹಿನ್ನೀರು, ದೋಣಿ ಇರೋದು. ಇನ್ನೊಂದು ಉದಯಪುರದ ಸರೋವರ. ಮಿಕ್ಕಿದ್ದೆಲ್ಲ ಮನೆಗೆ ತಂದ್ಮೇಲೆ ಇವರೇ ತಿರುವಿ ತಿರುವಿ ತೋರಿಸಿದ್ದು."

ಕೆಳಗೆ ಯಾರೋ ಛತ್ರಿ ಬಿಚ್ಚಿ ಮಡಚಿ ನೋಡುತ್ತಿರುವುದು ಕೇಳಿಸುತ್ತದೆ.

"ಮೊದ್ಲೇ ಹೇಳೋದಲ್ವೇನೇ?" ಎನ್ನುತ್ತಾರೆ ಗಂಡ.

"ಅಷ್ಟು ಆಸೆಯಿಂದ ತೋರಿಸ್ತಿದ್ರಿ. ಹೇಗ್ರೀ ಹೇಳ್ಲಿ?"

ಲಿಫ್ಟ್‌ನವರು ಕ್ಯಾಲೆಂಡರ್ ಸುತ್ತಿಕೊಂಡು ಎದ್ದೇಬಿಡುತ್ತಾರೆ. ಎರಡು ಊರಿಗಾಗಿ ಅಷ್ಟು ದೂರ ಹೋದರೆ ಕಂಡವರು ನಗುತ್ತಾರೆ, ಯೋಚನೆ ಮಾಡಿ ಹೇಳುತ್ತೇನೆ ಎಂದು ಇಳಿದುಹೋಗುತ್ತಾರೆ. ಯಜಮಾನರು ನಿಟ್ಟುಸಿರು ಬಿಡುತ್ತಾರೆ. ಮೂರನೆಯ ದಿನ ಲಿಫ್ಟ್‌ನವರು ಒಬ್ಬರೇ ವಾಪಸು ಬಂದು, ನಿಂತುಕೊಂಡೇ ಹೇಳಿದರಂತೆ: "ಆ ಎರಡೇ ಹಾಕಿ. ಆದ್ರೆ ಅಕ್ಕ, ಅವಳು ನೋಡದೆ ಏನಾದ್ರೂ ಉಳಿದು ಹೋದ್ರೆ ನಾನು ನಿಮ್ಮನ್ನೇ ಕೇಳೋದು."

"ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ," ಎನ್ನುತ್ತಾರೆ ನಿಧಾನದಕ್ಕ. "ನಾನು ಹೇಳೋದೇ ಸರಿ ಅಂತ ಏನು ಗ್ಯಾರಂಟಿ? ಅವರಿಗಿರೋದು ಒಂದೇ ಪ್ರವಾಸ. ನನ್ನ ಹಟಕ್ಕೆ ಅವರ ಹತ್ತು ಊರು ತಪ್ಪಿಸಿಬಿಟ್ನಾ ಅಂತ." ದಿಲ್ಲಿಯ ಬದಲು ಅವರನ್ನು ಕೊಚ್ಚಿಯಲ್ಲಿ ಇಳಿಸುವುದೆಂದು ಗೊತ್ತು ಮಾಡಿದರು. ಮೊದಲ ಎರಡು ದಿನ ಏನೂ ಇಲ್ಲ. ಆಮೇಲೆ ನೀರಿನ ಪಕ್ಕದ ಒಂದು ಮನೆಯಲ್ಲಿ ವಾಸ, ಬೇಕೆನಿಸಿದಾಗ ದೋಣಿ. ಅಲ್ಲಿಂದ ಉದಯಪುರ. ಮೆಟ್ಟಿಲು ಕಡಿಮೆ ಇರುವ ಕೋಣೆಗಳನ್ನು ಹುಡುಕಲು ಒಂದು ವಾರ ಹಿಡಿಯಿತು.

ನಾನು ಮತ್ತೆ ಆ ಮರದ ಮೆಟ್ಟಿಲು ಹತ್ತುವ ಹೊತ್ತಿಗೆ ದಂಪತಿ ಭಾರತದಲ್ಲಿದ್ದಾರೆ. ನಿಧಾನದಕ್ಕ ಬೇರೊಂದು ಕುಟುಂಬದ ಟಿಕೆಟ್ ನೋಡುತ್ತಿದ್ದಾರೆ. ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳುತ್ತದೆ. ಹೆಸರು ನೋಡಿ ಅವರ ಮುಖ ಬಿಳಿಚಿಕೊಳ್ಳುತ್ತದೆ. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಡುತ್ತಾರೆ.

"ಅಕ್ಕ, ಆ ಉದಯಪುರದ ಟಿಕೆಟ್ ಕ್ಯಾನ್ಸಲ್ ಮಾಡ್ಬಿಡಿ," ಲಿಫ್ಟ್‌ನವರ ದನಿ.

"ಯಾಕಣ್ಣ? ಅತ್ತಿಗೆ ಹೇಗಿದ್ದಾರೆ?"

"ಅವಳಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ. ಇಳಕೊಂಡಿರೋ ಮನೆಯವರ ಕುರ್ಚಿ ಬಿಚ್ಚಿ ಹಾಕ್ಕೊಂಡು ಕೂತಿದ್ದಾಳೆ, ಬೆತ್ತ ಸರಿಯಾಗಿ ಎಳೆದಿಲ್ವಂತೆ. ಆ ಮನೆಯಾಕೆಗೂ ಕಲಿಸ್ತಿದ್ದಾಳೆ. ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದ್ರೂ ಇಬ್ರೂ ಬೆಳಗಿಂದ ಮಾತಾಡ್ತಾನೇ ಇದ್ದಾರೆ."

"ನೀವೇನ್ ಮಾಡ್ತಿದ್ದೀರಣ್ಣ?"

"ನಾನಾ? ನೀರಲ್ಲಿ ಕಾಲು ಇಳಿಬಿಟ್ಕೊಂಡು ಕೂತಿದ್ದೀನಿ. ಒಂದು ದೋಣಿ ಹೋಗ್ತಿದೆ, ಅದು ಹೋಗೋದನ್ನೇ ನೋಡ್ತಿದ್ದೀನಿ."

"ಅಲ್ಲ ಅಣ್ಣ, ಆ ಸರೋವರ ಅತ್ತಿಗೆಗೆ ಅಷ್ಟು ಆಸೆ ಇತ್ತಲ್ವಾ? ಅದೊಂದು ಉಳಿದುಹೋಗುತ್ತಲ್ಲ."

"ಉಳೀಲಿ ಬಿಡಿ ಅಕ್ಕ. ಅದನ್ನ ಮುಂದಿನ ಸಲ ನೋಡಿದ್ರಾಯ್ತು."

ಫೋನ್ ಇಟ್ಟ ಮೇಲೆ ಯಜಮಾನರು, ಕ್ಯಾನ್ಸಲ್ ಮಾಡಿದರೆ ಅರ್ಧ ದುಡ್ಡೂ ವಾಪಸ್ ಬರುವುದಿಲ್ಲ ಎಂದು ಗೊಣಗುತ್ತಾರೆ. ನಿಧಾನದಕ್ಕನ ಕಿವಿಗೆ ಅದು ಬಿದ್ದಂತಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಾ ಕೂರುತ್ತಾರೆ. ನಾನೂ ಗಡಿಯಾರ ನೋಡದೆ ಕೂರುತ್ತೇನೆ. ಕೊನೆಗೆ, ಇಷ್ಟು ವರ್ಷದ ಕೆಲಸದಲ್ಲಿ ಏನಾದರೂ ಹೆಮ್ಮೆ ಅನ್ನಿಸುವುದಿದ್ದರೆ ಹೇಳಿ, ಬರೆದುಕೊಳ್ಳುತ್ತೇನೆ ಎನ್ನುತ್ತೇನೆ.

"ನೀವೂ ಕೇಳಿಸ್ಕೊಂಡ್ರಲ್ಲ, ಅದನ್ನೇ ಬರೀರಿ," ಎನ್ನುತ್ತಾರೆ ಅವರು. "ಆ ಅಣ್ಣ, ಮುಂದಿನ ಸಲ ಅಂದ್ರು."