ನರ್ಸಮ್ಮ ಹೋಗಿಬಿಟ್ಟರು

ಟೈಲರಕ್ಕನಿಗೆ ವಾರವೆಲ್ಲ ಹೊಲಿಗೆ ಮಷೀನು ತುಳಿದು ಕಾಲು ಬಿದ್ದುಹೋಗಿರುತ್ತಿತ್ತು. ಆದರೂ ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಗೆ ಹೋಗಲೇಬೇಕು. ಅಲ್ಲಿ ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆಯಾಟ ಆಡುತ್ತಿದ್ದರು. ಕಥೆ ನಡೆಸುವವಳು ಅಕ್ಕ. ಪಾತ್ರ ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸುವುದು ದಾಳ. ದೊಡ್ಡವರ ಮಕ್ಕಳಾಟ ಎಂದು ಜನ ನಗುತ್ತಿದ್ದರು. ನಗಲಿ, ಇವಳ ಗಂಟೇನು ಹೋಯಿತು! ಅವಳಿಗೆ ಇದ್ದದ್ದು ಆಟದ ಹುಚ್ಚಲ್ಲ, ತಮ್ಮನ ಚಿಂತೆ.

ತಮ್ಮ ಲೇತ್ ಕೆಲಸಗಾರ. ಹೆಂಡತಿಯನ್ನು ಮಣ್ಣು ಮಾಡಿ ಬಂದವನು ಆರಾಧನೆಗೆ ಮುಖ ತೋರಿಸಿರಲಿಲ್ಲ. ಮನೆಯಲ್ಲೂ ಮಾತಿಲ್ಲ, ಕತೆಯಿಲ್ಲ. ಈ ಆಟಕ್ಕೆ ಮಾತ್ರ ಬರುತ್ತಿದ್ದ. ಅವನ ಪಾತ್ರ ಒಬ್ಬ ಮುದುಕಿ ನರ್ಸು. ಗಾಯಕ್ಕೆ ಪಟ್ಟಿ ಕಟ್ಟುತ್ತ ರಾಜನನ್ನೂ ಬೈಯುವವಳು. ಆ ಬೈಗುಳವೆಲ್ಲ ಸತ್ತ ಹೆಂಡತಿಯದೇ ಎಂದು ಅಕ್ಕನಿಗೆ ಗೊತ್ತಿತ್ತು. ಇದೂ ತಪ್ಪಿಹೋದರೆ ತಮ್ಮ ಇನ್ನು ಕೈಗೆ ಸಿಗುವುದಿಲ್ಲ ಎಂದೂ ಗೊತ್ತಿತ್ತು.

ಆ ಶನಿವಾರ ಹಾಳು ದಾಳ ಕೈಕೊಟ್ಟಿತು. ಕಥೆಯಲ್ಲಿ ಉರಿಯುವ ಮನೆಯೊಳಗೆ ನುಗ್ಗಿದ ನರ್ಸು ಹೊರಗೆ ಬರಲಿಲ್ಲ. ಇನ್ನೊಮ್ಮೆ ಹಾಕು ಎಂದಳು ಅಕ್ಕ.

"ಬೇಡಕ್ಕಾ. ಹೋದೋರು ಹೋದ್ರು," ಎಂದು ತಮ್ಮ ಎದ್ದು ನಡೆದ.

ಸಂಜೆ ಪಾಸ್ಟರ ಹೆಂಡತಿ ಫೋನ್ ಮಾಡಿದವರು, ದನಿ ಯಾಕೆ ಹೀಗಿದೆ ಎಂದು ಕೇಳಿದರು.

"ಅಯ್ಯೋ, ನಮ್ಮ ನರ್ಸಮ್ಮ ಹೋಗ್ಬಿಟ್ರು ಅಮ್ಮಾ. ತಮ್ಮ ತುಂಬ ನೊಂದ್ಕೊಂಡಿದ್ದಾನೆ, ಪ್ರಾರ್ಥನೆ ಮಾಡಿ," ಎಂದಳು ಅಕ್ಕ, ಸುಸ್ತಿನಲ್ಲಿ. ಆಟದ ನರ್ಸಿಗೂ ಮರ್ಯಾದೆ ಕೊಟ್ಟು ಮಾತಾಡುವುದು ಆ ಮೇಜಿನವರ ಅಭ್ಯಾಸ. ಫೋನಿನ ಆ ಕಡೆಯವರಿಗೆ ಇದೆಲ್ಲಿ ಗೊತ್ತಾಗಬೇಕು!

ಭಾನುವಾರ ಪಾಸ್ಟರು ಸಭೆಯನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು. "ಕರ್ತನೇ, ಕಂಡವರ ಗಾಯವನ್ನೆಲ್ಲ ಕಟ್ಟಿದ ಈ ಸಹೋದರಿಗಾಗಿ ನಿನಗೆ ಸ್ತೋತ್ರ. ಅವರನ್ನು ಕಳೆದುಕೊಂಡವನ ಕೈ ಬಿಡಬೇಡ," ಎಂದು ಗದ್ಗದಿತರಾಗಿ ಪ್ರಾರ್ಥಿಸಿದರು. ಸಭೆ ಆಮೆನ್ ಎಂದಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅಕ್ಕನಿಗೆ.

ಜನ ಕರಗಿದ ಮೇಲೆ ಹೋಗಿ ನಿಜ ಹೇಳಿದಳು. ಪಾಸ್ಟರ ಮುಖ ಕೆಂಪಾಯಿತು.

"ದೇವ್ರ ಮನೇಲಿ ದಾಳ ಹಾಕಿದ್ದನ್ನ ಸಹಿಸ್ಕೊಂಡೆ. ಈಗ ಇಲ್ಲದೋಳಿಗೋಸ್ಕರ ನನ್ನ ಕೈಲಿ ಪ್ರಾರ್ಥನೆ ಮಾಡಿಸಿದ್ರಲ್ಲಾ! ಸಾಕು, ಆ ಕೋಣೆಗೆ ಬೀಗ ಹಾಕ್ತೀನಿ. ಇವತ್ತಿನ ಪ್ರಾರ್ಥನೆ ತಪ್ಪಾಯ್ತು ಅಂತ ಮುಂದಿನ ವಾರ ಸಭೆಗೂ ಹೇಳ್ತೀನಿ."

ವಾದಿಸಲು ಅಕ್ಕನಲ್ಲಿ ತ್ರಾಣವಿರಲಿಲ್ಲ. ಆಯ್ತು ಎಂದಳು.

ಬಾಗಿಲಲ್ಲಿ ತಮ್ಮ ನಿಂತಿದ್ದ. ಕೋಣೆಯ ಬೀಗದ ಕೈ ಅವನ ಹತ್ತಿರ ಇರುತ್ತಿತ್ತು. ಇನ್ನು ಆಟಕ್ಕೂ ಬರುವುದಿಲ್ಲ ಎಂದು ಹೇಳಿ ಅದನ್ನು ಕೊಟ್ಟುಹೋಗಲು ಬಂದವನು, ಪ್ರಾರ್ಥನೆ ಕಿವಿಗೆ ಬಿದ್ದು ಅಲ್ಲೇ ನಿಂತುಬಿಟ್ಟಿದ್ದ.

"ಕೋಣೆ ಮುಚ್ಚಿ ಪಾಸ್ಟರೇ," ಎಂದು ಬೀಗದ ಕೈಯನ್ನು ಅವರ ಮುಂದೆ ಹಿಡಿದ. "ನನ್ನ ಹೆಂಡ್ತೀನ ಮಣ್ಣು ಮಾಡ್ದಾಗ ನೀವು ಏನೇನೋ ಹೇಳಿದ್ರಿ, ಒಂದು ಮಾತೂ ಕೇಳಿಸ್ಲಿಲ್ಲ ನಂಗೆ. ಇವತ್ತು ಎಲ್ಲಾ ಕೇಳಿಸ್ತು. ಅದನ್ನ ತಪ್ಪಾಯ್ತು ಅಂತ ಮಾತ್ರ ಹೇಳ್ಬೇಡಿ."

ಪಾಸ್ಟರು ಬೀಗದ ಕೈ ತೆಗೆದುಕೊಳ್ಳಲಿಲ್ಲ. ಅಕ್ಕ ಹತ್ತಿರದ ಬೆಂಚಿನ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.